ಗಾಜಿನ ಮೇಲಿನ ಕೋಳಿಮರಿ

ಶವಪೆಟ್ಟಿಗೆಯ ಗಾಜಿನ ಮೇಲೆ ಬಿಟ್ಟಿದ್ದ ಕೋಳಿಮರಿ ಅಕ್ಕಿಕಾಳು ಕುಕ್ಕುತ್ತಿತ್ತು. ಟಕ್, ಟಕ್. ಗಾಜಿನ ಕೆಳಗೆ ಇಸಿದ್ರೊನ ಮುಖ. ಕೊಲೆಯಾದವನ ಪೆಟ್ಟಿಗೆ ಮೇಲೆ ಮರಿ ಬಿಟ್ಟರೆ ಅದರ ಕೊಕ್ಕು ಕೊಂದವನ ಎದೆಗೇ ತಾಗುತ್ತದೆಂದು ಇಲೊಇಲೊ ಊರಿನವರ ನಂಬಿಕೆ. ಪೆಟ್ಟಿಗೆಯ ಬಳಿ ನಿಂತಿದ್ದ ವಕೀಲ ಕ್ರಿಸಾಂತೊ ಅದನ್ನು ನಂಬಿದವನಲ್ಲ. ಕಾನೂನಿಗೆ ಸಿಗದೆ ಬಚಾವಾದ ಪಾತಕಿಗಳನ್ನು ತಾನೇ ಮುಗಿಸುತ್ತಿದ್ದ ಅವನು, ಇಸಿದ್ರೊನನ್ನೂ ಹಾಗೇ ಮುಗಿಸಿ ನೆಮ್ಮದಿಯಾಗಿ ನಿದ್ದೆ ಮಾಡಿದ್ದ.

ರೊಸೆಂಡಾ ಬಂದು ಅವನ ಪಕ್ಕದಲ್ಲಿ ನಿಂತಳು. ಇಸಿದ್ರೊ ಹುಡುಗಿಯೊಬ್ಬಳ ಕತ್ತು ಹಿಸುಕಿದ್ದನ್ನು ಕಣ್ಣಾರೆ ಕಂಡೆನೆಂದು ಕ್ರಿಸಾಂತೊನ ಮುಂದೆ ಅತ್ತಿದ್ದವಳು ಅವಳೇ.

"ನಾನೇನೂ ನೋಡಿರ್ಲಿಲ್ಲ ವಕೀಲರೇ," ಅಂದಳು ಮೆಲ್ಲಗೆ, ಮರಿಗೆ ಇನ್ನಷ್ಟು ಅಕ್ಕಿ ಚೆಲ್ಲುತ್ತಾ. "ಪಾಪ, ಇವನು ಯಾರ ತಂಟೆಗೂ ಹೋದವನಲ್ಲ."

"ಏನಮ್ಮಾ ಹೇಳ್ತಿದ್ದೀಯ?"

"ನಿಮ್ಮ ಹಳೇ ವೈರಿ ಡೆಲ್ಫಿನ್ ಇದ್ರಲ್ಲ, ಅವರ ಹೆಂಡ್ತಿ ನಾನು. ನೀವು ಅವ್ರನ್ನ ಕೊಂದಾಗ್ಲೂ ಹೀಗೇ ಮರಿ ಬಿಟ್ಟಿದ್ದೆ. ನಿಮಗೆ ಒಂಚೂರೂ ಚುಚ್ಚಲಿಲ್ಲ. ಹೇಗೆ ಚುಚ್ಚುತ್ತೆ ಹೇಳಿ? ನಮ್ಮನೆಯೋರು ಕೆಟ್ಟೋರೇ, ನಿಜ. ಕೊಂದಿದ್ದು ಸರಿ ಅಂತ ಆರಾಮಾಗಿದ್ರಿ. ಅದಕ್ಕೇ ನಿಮ್ಮ ಕೈಲಿ ಒಬ್ಬ ಒಳ್ಳೆಯವನನ್ನ ಕೊಲ್ಲಿಸಬೇಕಾಯ್ತು."

ಅವಳು ಮರಿಯನ್ನೆತ್ತಿ ಶಾಲಿನಲ್ಲಿ ಸುತ್ತಿಕೊಂಡಳು. ಬೆಚ್ಚಗಾದದ್ದೇ ಅದು ಕಣ್ಣು ಮುಚ್ಚಿ ನಿದ್ದೆಹೋಯಿತು. ಅಂಗಳದಲ್ಲಿ ಹೆಣ ಕಾಯಲು ಬಂದವರು ಅಲ್ಲಿನ ರೂಢಿಯಂತೆ ಕಾಫಿ ಕುಡಿಯುತ್ತಾ ಇಸ್ಪೀಟಾಡುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ. ಕ್ರಿಸಾಂತೊ ಮಾತ್ರ ಎದೆಯ ಮೇಲೆ ಕೈಯೊತ್ತಿಕೊಂಡು ಖಾಲಿ ಗಾಜನ್ನೇ ನೋಡುತ್ತಾ ನಿಂತ.

ಟಕ್, ಟಕ್ ಸದ್ದು ಇನ್ನೂ ನಿಂತಿರಲಿಲ್ಲ.