ಗಾಜಿನ ಬೀರುವಿನ ಗಿಲಕಿ

ಬಿಸಿ ಅರಗಿನ ವಾಸನೆ ಬಂದರೆ ಇಂದಿಗೂ ಚನ್ನಪಟ್ಟಣದ ಹೆದ್ದಾರಿ ಬದಿಯ ನಮ್ಮ ಗೊಂಬೆ ಅಂಗಡಿ ನೆನಪಾಗುತ್ತದೆ.

ಚೀನಾದ ಪ್ಲಾಸ್ಟಿಕ್ ಬಂದ ಮೇಲೆ ನಮಗೆ ಬೋಣಿಯೇ ಕಷ್ಟವಾಗಿತ್ತು. ಆ ಮಧ್ಯಾಹ್ನ ಕಾರಿನಿಂದಿಳಿದ ಹೆಂಗಸು ಅಪ್ಪ ಕಡೆದ ಮರದ ಗಿಲಕಿಯನ್ನು ಎತ್ತಿ ನೋಡಿದಳು. “ಬರೀ ಮೂವತ್ತಾ? ಮಗು ಬಾಯಿಗಿಟ್ಕೊಂಡ್ರೆ ಬಣ್ಣ ಬಿಡುತ್ತೆ” ಎಂದು ಇಟ್ಟು ಹೋದಳು. ನನ್ನದೇ ಮೂಗು ಸೊಟ್ಟಗಿದ್ದರೂ ಅವಳಂತೆ ಮೂಗು ಮುರಿದು ಅಣಕಿಸಿದೆ. ಅಪ್ಪ ನಗಲಿಲ್ಲ.

ಅಜ್ಜಿ ಆ ಗಿಲಕಿಯನ್ನು ಸೆರಗಿನಲ್ಲಿ ಒರೆಸಿ ಗಾಜಿನ ಬೀರುವಿನಲ್ಲಿಟ್ಟಳು. “ಇನ್ಮ್ಯಾಕೆ ಇನ್ನೂರು ಅನ್ನು ಕಣ್ಲಾ.”

“ನಮ್ ಮ್ಯಾಲೇ ಕಾರ್ ಹತ್ತಿಸ್ಬುಟ್ಟು ಹೋಯ್ತಾರೆ ಕಣವ್ವಾ!” ಎಂದ ಅಪ್ಪ.

ಮುಂದಿನ ಕಾರಿನವರು ಚೌಕಾಸಿಯನ್ನೇ ಮಾಡಲಿಲ್ಲ. “ನೋಡಿದ್ರೇ ಗೊತ್ತಾಗುತ್ತೆ, ಒರಿಜಿನಲ್” ಎಂದು ಒಯ್ದರು.

ಅಪ್ಪ ನೋಟುಗಳನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಜೋಲಿಯಲ್ಲಿ ಅಂಥದೇ ಗಿಲಕಿ ಚೀಪುತ್ತಿದ್ದ ನನ್ನ ತಂಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.

“ಕೊಡವ್ವ, ಇನ್ನೂರ್ ರೂಪಾಯಿದು ಕಣೆ ಅದು.”