ಅಪ್ಪ ಒಪ್ಪಿದ ವಿಮಾನ

ಮಗಳಿಗೆ ಹದಿನೇಳು. ವಿಮಾನ ಹಾರಿಸಲು ಕಲಿಯಬೇಕಾದರೆ ಫಾರಂ ಮೇಲೆ ಅಪ್ಪನ ಸಹಿ ಬೇಕೇ ಬೇಕು. "ಯಾವ ವಿಮಾನ ಅಂತ ನಾನೇ ಆರಿಸ್ತೀನಿ, ಸಹಿ ಆಮೇಲೆ" ಎಂದು ಅಪ್ಪ ತರಬೇತಿ ಶಾಲೆಗೆ ಜೊತೆಗೇ ಬಂದಿದ್ದ.

ತರಬೇತುದಾರರು ಮೊದಲನೆಯದನ್ನು ತೋರಿಸಿದರು.

"ದಕ್ಷಿಣಕ್ಕೆ ಮುಖ ಮಾಡಿ ನಿಂತಿದೆ. ಬೇಡ."

"ತಿರುಗಿಸಿ ನಿಲ್ಲಿಸ್ತೀವಿ ಸರ್."

"ಬೇಡ ಅಂದೆನಲ್ಲ."

ಎರಡನೆಯದರ ಬಾಲದ ಮೇಲಿದ್ದ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಹಚ್ಚಿ, ಬೆರಳು ಮಡಚಿ ಕೂಡಿದ. "ಎಂಟು ಬರುತ್ತೆ. ಶನಿ."

ಮಗಳಿಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಸ್ಕೂಟರ್ ನಂಬರೂ ಎಂಟೇ ಬರುತ್ತಲ್ಲಪ್ಪ."

"ಸ್ಕೂಟರ್ ಕೆಟ್ಟರೆ ಇಳಿದು ತಳ್ಳಬಹುದು. ಬಾಯಿ ಮುಚ್ಚು."

ಕೊನೆಗೆ, ಮೂಲೆಯ ಬೇವಿನ ಮರದಡಿ ನಿಂತಿದ್ದ ನೀಲಿ ವಿಮಾನಕ್ಕೆ ಅಪ್ಪ ಎರಡು ಸುತ್ತು ಬಂದ. "ಪೂರ್ವಕ್ಕೆ ಮುಖ. ಕೂಡಿದ್ರೆ ಮೂರು. ಇದರಲ್ಲೇ ಕಲೀಲಿ."

ತರಬೇತುದಾರರ ತಾಳ್ಮೆಯೂ ಕೆಟ್ಟಿತು. "ಸರ್, ಅದರ ಎಂಜಿನ್ ಬಿಚ್ಚಿ ನಾಲ್ಕು ವರ್ಷ ಆಯ್ತು. ಅದು ಹಾರೋದೇ ಇಲ್ಲ."

"ಗೊತ್ತು. ಬರುವಾಗಲೇ ಗೇಟಿನವನ ಹತ್ತಿರ ವಿಚಾರಿಸಿದೆ" ಎಂದು ಅಪ್ಪ ಜೇಬಿನಿಂದ ಪೆನ್ನು ತೆಗೆದ. "ಫಾರಂ ಕೊಡಿ."