ಅಡ್ಡ ಬಿದ್ದ ಮರ

"ಸುಳ್ಳ ಹೇಳಬ್ಯಾಡಲೇ! ಎಲ್ಲೈತಿ ಮರ?" ಬಂಡೆಯ ಮೇಲೆ ನಿಂತ ಯಲ್ಲೋಜಿ ಅಳಿಯನನ್ನು ಗದರಿದ.

ಹಳ್ಳದ ಸೆಳವಿಗೆ ಪ್ರವಾಸಿಗರ ದೋಣಿ ಇಳಿಸುವ ಮೊದಲು ಬಂಡೆ ಹತ್ತಿ ನೀರು ನೋಡಬೇಕೆಂಬುದು ಯಲ್ಲೋಜಿಯೇ ಹಾಕಿದ ಕಟ್ಟುಪಾಡು. ಇಪ್ಪತ್ತು ವರ್ಷ ಅವನದೇ ಮುಂದಾಳತ್ವ. ಈಗ ತಾನು ಕಲಿಸಿದ ಅಳಿಯನೇ ಅಡ್ಡಗಾಲು ಹಾಕುತ್ತಿದ್ದಾನೆ. ಅವನಿಗೆ ಮುಂದಾಳಿನ ಜಾಗದ ಆಸೆ ಹುಟ್ಟಿರಬೇಕು.

"ಅಡ್ಡ ಬಿದ್ದೈತಿ, ಮಾಮಾ. ಕೊಂಬ್ಯಾಗ ಸಿಕ್ಕರ ಎಲ್ಲಾರೂ ನೀರೊಳಗ. ದೋಣಿ ಹೊತ್ಕೊಂಡ ದಾಟೋಣು."

"ಮಂದಿ ಮುಂದ ನನ್ನ ಪುಕ್ಕಲ ಮಾಡ್ತಿ? ದಾರಿ ಸಾಫ್ ಐತಿ. ಹುಟ್ಟು ಹಿಡೀರಿ!"

ಯಾರೂ ಏಳಲಿಲ್ಲ. ಪ್ರವಾಸಕ್ಕೆ ಬಂದಿದ್ದ ಹೆಂಗಸೊಬ್ಬಳು ಮೆಲ್ಲಗೆ, "ಅಣ್ಣಾ, ಇಲ್ಲೇ ಎದುರಿಗಿದೆಯಲ್ಲ, ಅಷ್ಟು ದೊಡ್ಡ ಮರ," ಎಂದಳು.

ಯಲ್ಲೋಜಿ ಕಣ್ಣುಜ್ಜಿಕೊಂಡು ನೋಡಿದ. ಅವನ ಕಣ್ಣಿಗೆ ಕಂಡದ್ದು ಬರೀ ಬಿಳಿ ನೊರೆ.

ಹುಟ್ಟನ್ನು ಅಳಿಯನ ಕೈಗಿಟ್ಟು ದಂಡೆ ಹತ್ತಿ ಹೋದವನು ಮತ್ತೆ ಹಳ್ಳಕ್ಕೆ ಬರಲಿಲ್ಲ.